‘ಅಜ್ಜನಿಗೆ ಉರಿಯಲ್ವಾ?’: ಪುಟ್ಟ ಮಕ್ಕಳಿಗೆ ಸಾವನ್ನು ತಿಳಿಸುವ ಬಗೆ

ಮನೆಯಲ್ಲಿ ಸಾವಾದಾಗ ನಾಲ್ಕೈದು ವರ್ಷದ ಮಗು ಕೇಳುವ ಪ್ರಶ್ನೆಗಳು ದೊಡ್ಡವರ ಎದೆ ನಡುಗಿಸುತ್ತವೆ. ‘ಬೆಂಕಿ ಇಟ್ಟರೆ ಅಜ್ಜನಿಗೆ ಉರಿಯಲ್ವಾ?’ ‘ಮಣ್ಣು ಮುಚ್ಚಿದರೆ ಅಜ್ಜಿ ಉಸಿರು ಹೇಗೆ ತಗೋತಾರೆ?’ ‘ಅಲ್ಲಿ ಅವರಿಗೆ ಊಟ ಯಾರು ಕೊಡ್ತಾರೆ?’ ಕೂಡಲೇ ಯಾರಾದರೂ ‘ಹಾಗೆಲ್ಲ ಮಾತಾಡಬಾರದು’ ಎಂದು ಗದರುತ್ತಾರೆ, ಇಲ್ಲವೇ ಮಗುವನ್ನು ಪಕ್ಕದ ಮನೆಗೆ ಸಾಗಿಸುತ್ತಾರೆ. ಈ ಪ್ರಶ್ನೆಗಳಲ್ಲಿ ಅಪಶಕುನವೂ ಇಲ್ಲ, ಅಧಿಕಪ್ರಸಂಗವೂ ಇಲ್ಲ. ಸತ್ತ ದೇಹಕ್ಕೆ ನೋವು, ಹಸಿವು, ಉಸಿರು ಯಾವುದೂ ಇರುವುದಿಲ್ಲ ಎಂಬ ಸಂಗತಿಯನ್ನು ಆ ಮಗುವಿಗೆ ಯಾರೂ ಇನ್ನೂ ಹೇಳಿಲ್ಲ, ಅಷ್ಟೆ. ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು ಅದನ್ನೇ. ಸ್ವರ್ಗ, ನಕ್ಷತ್ರ, ದೇವರ ಪಾದ ಇವೆಲ್ಲ ಆಮೇಲೆ.

ಮಕ್ಕಳಿಗೆ ಸಾವು ಹೇಗೆ ಅರ್ಥವಾಗುತ್ತದೆ ಎಂಬ ಅಧ್ಯಯನ ಹೊಸದೇನಲ್ಲ. ಹಂಗೇರಿಯ ಮರಿಯಾ ನಾಜ್ ಬುಡಾಪೆಸ್ಟ್ ಸುತ್ತಮುತ್ತಲಿನ 3ರಿಂದ 10 ವರ್ಷದ 378 ಮಕ್ಕಳನ್ನು ಮಾತಾಡಿಸಿ 1948ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಇವತ್ತಿಗೂ ಉಲ್ಲೇಖಿಸುತ್ತಾರೆ. ತೀರಾ ಚಿಕ್ಕವರ ಪಾಲಿಗೆ ಸಾವೆಂದರೆ ನಿದ್ದೆ, ಅಥವಾ ಎಲ್ಲಿಗೋ ಹೋಗಿರುವುದು. ಸತ್ತವರು ಅಲ್ಲೂ ಹೇಗೋ ಬದುಕಿಯೇ ಇರುತ್ತಾರೆ. 1984ರಲ್ಲಿ ಮಾರ್ಕ್ ಸ್ಪೀಸ್ ಮತ್ತು ಸ್ಯಾಂಡರ್ ಬ್ರೆಂಟ್ ಅದುವರೆಗಿನ ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸಾವು ಒಂದೇ ಏಟಿಗೆ ತಿಳಿಯುವಂಥದ್ದಲ್ಲ, ಅದರಲ್ಲಿ ಮೂರು ಬೇರೆ ಬೇರೆ ತಿಳಿವಳಿಕೆಗಳಿವೆ ಎಂದು ವಿಂಗಡಿಸಿದರು. ಸತ್ತವರು ಮರಳಿ ಬರುವುದಿಲ್ಲ. ಸತ್ತ ದೇಹದ ಕೆಲಸಗಳೆಲ್ಲ ನಿಂತಿರುತ್ತವೆ. ಜೀವ ಇರುವ ಎಲ್ಲಕ್ಕೂ ಸಾವಿದೆ. ಬಹುತೇಕ ಮಕ್ಕಳಿಗೆ 5ರಿಂದ 7 ವರ್ಷದ ನಡುವೆ ಈ ಮೂರೂ ತಿಳಿಯುತ್ತವೆ.

ಇವುಗಳಲ್ಲಿ ನಡುವಿನದೇ ಕೀಲಿಕೈ. ಆಸ್ಟ್ರೇಲಿಯಾದ ವರ್ಜೀನಿಯಾ ಸ್ಲಾಟರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಇನ್ನೂ ಶಾಲೆ ಸೇರದ ಮಕ್ಕಳಿಗೆ ಹೃದಯ, ಶ್ವಾಸಕೋಶ, ಹೊಟ್ಟೆ ಏನೇನು ಮಾಡುತ್ತವೆ, ಬದುಕಿರಲು ಅವು ಯಾಕೆ ಬೇಕು ಎಂದು ಕಲಿಸಿದರು. ಆ ಮಕ್ಕಳಲ್ಲಿ ಸಾವಿನ ತಿಳಿವಳಿಕೆಯೂ ಬೆಳೆಯಿತು. 4ರಿಂದ 8 ವರ್ಷದ ಮಕ್ಕಳ ಮೇಲಿನ ಇನ್ನೊಂದು ಅಧ್ಯಯನದಲ್ಲಿ (2007) ಸಾವು ಏನೆಂದು ಚೆನ್ನಾಗಿ ಗೊತ್ತಿದ್ದ ಮಕ್ಕಳಿಗೆ ಸಾವಿನ ಭಯ ಕಡಿಮೆ ಇತ್ತು. ‘ಹೇಳಿದರೆ ಮಗು ಹೆದರಿಕೊಳ್ಳುತ್ತದೆ’ ಎಂಬ ನಮ್ಮ ಎಣಿಕೆಗೆ ಇದು ತಿರುಗುಮುರುಗು. ಹೆದರಿಸುವುದು ಅರೆಬರೆ ಗೊತ್ತಿರುವ ಸಾವು.

ಈ ಪಾಠಕ್ಕೆ ಮನೆಯಲ್ಲಿ ಸಾವೇ ಆಗಬೇಕೆಂದಿಲ್ಲ. ಮಗುವಿನ ಅಂಗೈಯನ್ನು ಅದರ ಎದೆಯ ಮೇಲಿಟ್ಟು ‘ಡಬ್ ಡಬ್ ಅಂತಿದೆಯಾ?’ ಎಂದು ಕೇಳಿ. ಅಂಗಳದಲ್ಲಿ ಒಂದು ಸುತ್ತು ಓಡಿ ಬಂದ ಮೇಲೆ ಮತ್ತೆ ಮುಟ್ಟಿ ನೋಡಲಿ, ಬಡಿತ ಜೋರಾಗಿರುತ್ತದೆ. ಮೂಗಿನ ಕೆಳಗೆ ಬೆರಳು ಹಿಡಿದು ಬೆಚ್ಚನೆಯ ಉಸಿರನ್ನು ಗಮನಿಸಲಿ. ಕಿಟಕಿಯ ಸಂದಿಯಲ್ಲಿ ಸತ್ತು ಬಿದ್ದ ಚಿಟ್ಟೆ ಕಂಡ ದಿನ ಅದನ್ನು ಗುಡಿಸಿ ಎಸೆಯುವ ಬದಲು ಒಂದು ಕಾಗದದ ಮೇಲಿಟ್ಟು ತೋರಿಸಿ. ಊದಿದರೆ ರೆಕ್ಕೆ ಅಲುಗುತ್ತದೆ, ಆದರೆ ಅದು ತಾನಾಗಿ ಅಲುಗಿಸಿದ್ದಲ್ಲ. ಹೂವಿನ ಮೇಲಿಟ್ಟರೂ ಹೀರುವುದಿಲ್ಲ. ಮುಟ್ಟಿದರೆ ಅದಕ್ಕೆ ನೋಯುವುದಿಲ್ಲ. ಎರಡು ನಿಮಿಷದ ಕೆಲಸ. ಚಿಟ್ಟೆಯ ವಿಷಯದಲ್ಲಿ ಇಷ್ಟು ಗೊತ್ತಿರುವ ಮಗುವಿಗೆ ಅಜ್ಜನ ವಿಷಯ ಹೇಳುವಾಗ ಮೊದಲಿಂದ ಶುರುಮಾಡಬೇಕಾಗುವುದಿಲ್ಲ.

ಸಾವಿನ ಸುದ್ದಿಯನ್ನು ಮಗುವಿಗೆ ಹೇಳಬೇಕಾದವರು ಅದಕ್ಕೆ ಅತಿ ಹತ್ತಿರದವರು: ಅಮ್ಮ, ಅಪ್ಪ, ಅಥವಾ ದಿನವೂ ಉಣಿಸಿ ಮಲಗಿಸುವವರು. ಆದಷ್ಟು ಬೇಗ, ನೆಂಟರ ಬಾಯಿಂದ ತುಂಡುತುಂಡಾಗಿ ಕಿವಿಗೆ ಬೀಳುವ ಮೊದಲೇ ಹೇಳಬೇಕು. ಗದ್ದಲವಿಲ್ಲದ ಕೋಣೆಯಲ್ಲಿ ಮಗುವಿನ ಎತ್ತರಕ್ಕೆ ಕುಳಿತು ಹೇಳಬೇಕಾದದ್ದು ಐದಾರು ವಾಕ್ಯ, ಹೆಚ್ಚಿಲ್ಲ: ‘ಪುಟ್ಟಾ, ತುಂಬಾ ದುಃಖದ ವಿಷಯ ಹೇಳಬೇಕು. ಅಜ್ಜ ತೀರಿಕೊಂಡರು. ಅಂದರೆ ಸತ್ತುಹೋದರು. ಅವರ ಹೃದಯಕ್ಕೆ ದೊಡ್ಡ ಕಾಯಿಲೆ ಬಂದಿತ್ತು, ಡಾಕ್ಟರು ತುಂಬಾ ಪ್ರಯತ್ನ ಮಾಡಿದರೂ ಅದು ನಿಂತುಹೋಯಿತು. ಇನ್ನು ಅಜ್ಜನ ಮೈ ಉಸಿರಾಡಲ್ಲ, ಏಳಲ್ಲ, ಅವರಿಗೆ ನೋವೂ ಆಗಲ್ಲ. ಅವರು ವಾಪಸ್ ಬರಲ್ಲ.’ ಆಮೇಲೆ ಸುಮ್ಮನಿರಿ. ಮಗು ಅಳಬಹುದು, ಅಥವಾ ‘ನಾನು ಆಟಕ್ಕೆ ಹೋಗ್ಲಾ?’ ಎನ್ನಬಹುದು. ಎರಡೂ ಸರಿಯೇ. ನಿಮಗೆ ಅಳು ಬಂದರೆ ಮುಚ್ಚಿಡಬೇಡಿ. ‘ಅಜ್ಜ ನೆನಪಾಗಿ ಅಳು ಬರ್ತಿದೆ, ನೀನು ಏನೂ ತಪ್ಪು ಮಾಡಿಲ್ಲ’ ಎಂದು ಕಾರಣ ಹೇಳಿ ಅಳಿ.

‘ಸತ್ತರು’ ಎಂಬ ಮಾತು ಹಿರಿಯರ ವಿಷಯದಲ್ಲಿ ಒರಟೆನಿಸುವುದು ಸಹಜ. ನಿಮ್ಮ ಮನೆಯಲ್ಲಿ ಯಾವ ಗೌರವದ ಮಾತು ರೂಢಿಯಲ್ಲಿದೆಯೋ ಅದನ್ನೇ ಬಳಸಿ, ಆದರೆ ಅರ್ಥವನ್ನು ಬಿಡಿಸಿ ಹೇಳಿ. ಕೆಡುಕಾಗುವುದು ಅರ್ಥ ಬಿಡಿಸದೆ ಬರೀ ಸವಿಮಾತು ಹೇಳಿದಾಗ. ‘ಮಲಗಿದ್ದಾರೆ’ ಎಂದು ಕೇಳಿದ ಮಗು ರಾತ್ರಿ ಮಲಗಲು ಹೆದರುತ್ತದೆ, ಅಮ್ಮ ಕಣ್ಣು ಮುಚ್ಚಿದರೆ ಎಬ್ಬಿಸುತ್ತದೆ. ‘ಊರಿಗೆ ಹೋಗಿದ್ದಾರೆ’ ಎಂದರೆ ಬಾಗಿಲಲ್ಲಿ ಕಾಯುತ್ತದೆ, ಹೇಳದೇ ಹೋದರಲ್ಲ ಎಂದು ಮುನಿಯುತ್ತದೆ. ಮುಂದೆ ಅಪ್ಪ ಬ್ಯಾಗು ಹಿಡಿದು ಬಸ್ ಸ್ಟ್ಯಾಂಡಿಗೆ ಹೊರಟಾಗ ಕಾಲು ಹಿಡಿದುಕೊಳ್ಳುತ್ತದೆ. ‘ಒಳ್ಳೆಯವರನ್ನು ದೇವರು ಬೇಗ ಕರ್ಕೊಳ್ತಾನೆ’ ಎಂದರೆ ಒಳ್ಳೆಯ ಮಗುವಾಗುವುದೇ ಅಪಾಯವೆನಿಸುತ್ತದೆ. ‘ಹುಷಾರಿಲ್ಲದೆ ಹೋಗಿಬಿಟ್ಟರು’ ಎಂದಷ್ಟೇ ಹೇಳಿದರೆ ನೆಗಡಿ ಬಂದಾಗಲೆಲ್ಲ ಭಯ ಕಾಡುತ್ತದೆ. ಅದಕ್ಕೇ ಕಾಯಿಲೆಯ ಹೆಸರು ಹೇಳಬೇಕು, ‘ನಮಗೆ ಬರುವ ಜ್ವರ, ಕೆಮ್ಮು ಬೇರೆ, ಅದು ಔಷಧಿಗೆ ವಾಸಿಯಾಗುತ್ತೆ’ ಎಂದೂ ಸೇರಿಸಬೇಕು.

ಮಗು ಬಾಯಿ ಬಿಟ್ಟು ಕೇಳದ ಮೂರು ಪ್ರಶ್ನೆಗಳಿರುತ್ತವೆ. ನನ್ನಿಂದ ಹೀಗಾಯಿತಾ? ನನಗೂ, ಅಮ್ಮನಿಗೂ ಹೀಗಾಗುತ್ತಾ? ಇನ್ನು ನನ್ನನ್ನು ಯಾರು ನೋಡಿಕೊಳ್ಳುತ್ತಾರೆ? ಕೇಳದಿದ್ದರೂ ಈ ಮೂರಕ್ಕೂ ಉತ್ತರ ಕೊಡಲೇಬೇಕು. ಮನಸ್ಸಿನಲ್ಲಿ ಅಂದುಕೊಂಡದ್ದು ನಡೆದುಬಿಡುತ್ತದೆ ಎಂದು ನಂಬುವ ವಯಸ್ಸು ಇದು. ಸಿಟ್ಟಿನಲ್ಲಿ ‘ಅಜ್ಜ ಬೇಡ, ಹೋಗು’ ಎಂದಿದ್ದ ಮಗು ತನ್ನ ಮಾತೇ ಅಜ್ಜನನ್ನು ಕೊಂದಿತು ಎಂದು ಒಳಗೊಳಗೇ ಲೆಕ್ಕ ಹಾಕುತ್ತದೆ. ಅದರ ಮೇಲೆ ‘ನೀನು ಹಠ ಮಾಡಿ ಮಾಡಿಯೇ ತಾತನಿಗೆ ಬಿಪಿ ಏರಿತು’ ಎಂದು ಯಾರಾದರೂ ಅಂದರೆ ಮುಗಿಯಿತು. ಎಳೆಗೂಸನ್ನು ತೋರಿಸಿ ‘ಹುಟ್ಟಿದ ಘಳಿಗೆ ಸರಿಯಿಲ್ಲ, ಅಪ್ಪನ್ನ ನುಂಗಿಕೊಂಡಿತು’ ಎನ್ನುವವರು ಇನ್ನೂ ಇದ್ದಾರೆ. ಇಂಥ ಮಾತು ಬಂದಾಗ ಮನೆಯವರು ಮುಲಾಜು ನೋಡದೆ ಅಲ್ಲೇ, ಮಕ್ಕಳ ಮುಂದೆಯೇ ತಡೆಯಬೇಕು. ‘ಇನ್ಮೇಲೆ ನೀನೇ ಮನೆ ಯಜಮಾನ’ ಎಂದು ಏಳು ವರ್ಷದ ಹುಡುಗನ ಬೆನ್ನು ತಟ್ಟುವುದೂ ಬೇಡ. ಅವನಿಗೆ ಬೇಕಿರುವುದು ‘ಶಾಲೆಗೆ ಚಿಕ್ಕಪ್ಪ ಬಿಡ್ತಾರೆ, ಸಂಜೆ ನಾನೇ ಕರ್ಕೊಂಡು ಬರ್ತೀನಿ, ರಾತ್ರಿ ಜೊತೆಗೇ ಮಲಗೋಣ’ ಎಂಬಷ್ಟು ಖಚಿತವಾದ ಭರವಸೆ. ‘ನೀನೂ ಸಾಯ್ತೀಯಾ ಅಮ್ಮಾ?’ ಎಂದರೆ ‘ಎಲ್ಲರೂ ಯಾವತ್ತಾದರೂ ಸಾಯ್ತಾರೆ. ನಾನು ಆರೋಗ್ಯವಾಗಿದ್ದೀನಿ, ತುಂಬಾ ವರ್ಷ ನಿನ್ನ ಜೊತೆ ಇರ್ತೀನಿ ಅಂತ ನನ್ನ ನಂಬಿಕೆ’ ಎನ್ನಬಹುದು. ‘ನಾನು ಸಾಯೋದೇ ಇಲ್ಲ’ ಎಂದು ಆಣೆ ಇಡಬೇಡಿ.

ಮಗು ಶವ ನೋಡಬೇಕೋ ಬೇಡವೋ? ಮೊದಲೇ ವಿವರಿಸಿ, ಬರುತ್ತೀಯಾ ಎಂದು ಕೇಳಿ, ಹೂಂ ಎಂದರೆ ಕರೆದೊಯ್ಯಿರಿ; ಬಲವಂತವೂ ಬೇಡ, ಬಚ್ಚಿಡುವುದೂ ಬೇಡ. ವಿವರಿಸುವುದೆಂದರೆ ಕಣ್ಣಿಗೆ ಏನೇನು ಬೀಳುತ್ತದೋ ಅಷ್ಟನ್ನೂ ಹೇಳುವುದು. ಅಜ್ಜನನ್ನು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದಾರೆ, ತಲೆಯ ಹತ್ತಿರ ದೀಪ ಇದೆ, ಮೂಗಿಗೆ ಹತ್ತಿ ಇಟ್ಟಿದ್ದಾರೆ, ಕಾಲಿನ ಹೆಬ್ಬೆರಳುಗಳನ್ನು ಸೇರಿಸಿ ಕಟ್ಟಿದ್ದಾರೆ, ಮುಟ್ಟಿದರೆ ಮೈ ತಣ್ಣಗಿರುತ್ತೆ, ಅತ್ತೆ ಜೋರಾಗಿ ಅಳಬಹುದು. ಅಷ್ಟೊಂದು ಅಳದ, ಮಗುವಿಗೆ ಸಲುಗೆಯಿರುವ ಒಬ್ಬರು ಪೂರ್ತಿ ಹೊತ್ತು ಅದರ ಕೈ ಹಿಡಿದಿರಬೇಕು. ‘ಸಾಕು’ ಎಂದ ಕೂಡಲೇ ಹೊರಗೆ ಕರೆದುಕೊಂಡು ಬರಬೇಕು. ಒಂದು ಹೂ ಇಡುವುದು, ತಾನೇ ಬರೆದ ಚಿತ್ರವನ್ನು ಪಕ್ಕದಲ್ಲಿಡುವುದು ಇಂಥ ಸಣ್ಣ ಕೆಲಸವಿದ್ದರೆ ಮಗುವಿಗೆ ತಾನು ಹೊರಗಿನವನಲ್ಲ ಎನಿಸುತ್ತದೆ. ಸುಡುವ ಮಾತನ್ನಾಗಲಿ ಹೂಳುವ ಮಾತನ್ನಾಗಲಿ, ದೇಹಕ್ಕೆ ನೋವಾಗದು ಎಂಬುದು ಅರ್ಥವಾದ ಮೇಲೆಯೇ ಎತ್ತಬೇಕು. ಆ ತಿಳಿವಳಿಕೆ ಇನ್ನೂ ಬಂದಿಲ್ಲವೆನಿಸಿದರೆ ನಾಲ್ಕು ವರ್ಷದ ಮಗುವನ್ನು ಚಿತೆಯ ಬಳಿಗೆ ಕರೆದೊಯ್ಯದಿರುವುದೇ ಲೇಸು. ಮನೆಯಲ್ಲಿ ವಿದಾಯ ಹೇಳಿದರೆ ಸಾಕು.

ಕೆಲವು ದಿನಗಳಲ್ಲೇ ಇನ್ನೊಂದು ಇಕ್ಕಟ್ಟು ಬರುತ್ತದೆ. ಅಜ್ಜ ಇನ್ನು ಊಟ ಮಾಡಲ್ಲ ಎಂದು ನೀವು ಹೇಳಿದ್ದೀರಿ. ಕಾರ್ಯದ ದಿನ ಅಜ್ಜನಿಗೆ ಪ್ರಿಯವಾದ ಒಬ್ಬಟ್ಟನ್ನು ಬಾಳೆಲೆಯಲ್ಲಿ ಎಡೆ ಇಡುತ್ತೀರಿ, ಕಾಗೆ ಮುಟ್ಟಲೆಂದು ಎಲ್ಲರೂ ಆಕಾಶ ನೋಡುತ್ತಾ ನಿಲ್ಲುತ್ತೀರಿ. ‘ಅಜ್ಜ ತಿನ್ನಲ್ಲ ಅಂದ್ಯಲ್ಲ?’ ಎಂದು ಮಗು ಕೇಳಿಯೇ ಕೇಳುತ್ತದೆ. ವಿಜ್ಞಾನ ಹೇಳಿ ಕೆಟ್ಟೆವಲ್ಲ ಎಂದು ಕಂಗೆಡಬೇಕಿಲ್ಲ. ಪಾಲ್ ಹ್ಯಾರಿಸ್ ಮತ್ತು ಮಾರ್ತಾ ಹಿಮೆನೆಸ್ 2005ರಲ್ಲಿ ಸ್ಪೇನಿನ 7 ಮತ್ತು 11 ವರ್ಷದ ಮಕ್ಕಳಿಗೆ ಅಜ್ಜ ಅಥವಾ ಅಜ್ಜಿ ಸತ್ತ ಎರಡು ಕಥೆ ಹೇಳಿದರು. ಒಂದರಲ್ಲಿ ಸುದ್ದಿ ತಿಳಿಸುವವರು ವೈದ್ಯರು, ಇನ್ನೊಂದರಲ್ಲಿ ಪಾದ್ರಿ. ವೈದ್ಯರ ಕಥೆ ಕೇಳಿದಾಗ ಎಲ್ಲವೂ ನಿಂತಿತು ಎಂದವರು ಹೆಚ್ಚು; ಪಾದ್ರಿಯ ಕಥೆ ಕೇಳಿದಾಗ ಏನೋ ಮುಂದುವರಿಯುತ್ತದೆ ಎಂದವರು ಹೆಚ್ಚು. ಮಡಗಾಸ್ಕರಿನ ವೆಜೊ ಜನರಲ್ಲಿ ರೀಟಾ ಅಸ್ತುತಿ ಮತ್ತು ಹ್ಯಾರಿಸ್ ನಡೆಸಿದ ಅಧ್ಯಯನದಲ್ಲೂ (2008) ಶವದ ಸಂದರ್ಭಕ್ಕೊಂದು, ಪೂರ್ವಿಕರ ಸಮಾಧಿಯ ಸಂದರ್ಭಕ್ಕೊಂದು ಉತ್ತರ ಬಂತು. ದೇಹದ ಲೆಕ್ಕ, ನಂಬಿಕೆಯ ಲೆಕ್ಕ ಎರಡೂ ಒಂದೇ ತಲೆಯಲ್ಲಿ ಜಗಳವಿಲ್ಲದೆ ಇರಬಲ್ಲವು. ಮಕ್ಕಳೂ ಹಾಗೆಯೇ ಬೆಳೆಯುತ್ತಾರೆ. ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ ಹೇಳಿ: ‘ಅಜ್ಜನ ಮೈ ಈಗ ತಿನ್ನಲ್ಲ. ಎಡೆ ಇಡೋದು ಅವರನ್ನು ನೆನೆಯೋದಕ್ಕೆ. ಹಿರಿಯರು ಕಾಗೆ ರೂಪದಲ್ಲಿ ಬರ್ತಾರೆ ಅಂತ ನಮ್ಮ ಮನೆಯವರು ನಂಬ್ತಾರೆ.’ ನಂಬಿಕೆ ಇಲ್ಲದವರು ಕೊನೆಯ ವಾಕ್ಯವನ್ನು ಬಿಡಬಹುದು. ಮೊದಲನೆಯದನ್ನು ಮಾತ್ರ ಯಾರೂ ಬಿಡುವಂತಿಲ್ಲ.

ಎರಡು ವರ್ಷದೊಳಗಿನ ಕೂಸಿಗೆ ವಿವರಣೆಯಿಂದ ಪ್ರಯೋಜನವಿಲ್ಲ. ಎತ್ತಿಕೊಳ್ಳುವ ಕೈ ಬದಲಾದದ್ದು ಮಾತ್ರ ಅದಕ್ಕೆ ಗೊತ್ತಾಗುತ್ತದೆ. ಊಟ, ಸ್ನಾನ, ನಿದ್ದೆಯ ಹೊತ್ತು ತಪ್ಪದಿರಲಿ, ಆರೈಕೆ ಒಬ್ಬಿಬ್ಬರ ಕೈಯಲ್ಲೇ ಉಳಿಯಲಿ.

ಮೂರು ದಾಟಿದ ಮಕ್ಕಳ ದುಃಖ ಬಿಟ್ಟು ಬಿಟ್ಟು ಬರುತ್ತದೆ. ಹತ್ತು ನಿಮಿಷ ಬಿಕ್ಕಿ ಅತ್ತ ಮಗು ಮರುಕ್ಷಣ ನೆಂಟರ ಮಕ್ಕಳೊಡನೆ ಕುಂಟೆಬಿಲ್ಲೆ ಆಡುತ್ತಿರುತ್ತದೆ. ‘ಅದಕ್ಕೇನೂ ಅನ್ನಿಸಿಯೇ ಇಲ್ಲ’ ಎಂದುಕೊಳ್ಳಬಾರದು. ಒಟ್ಟಿಗೆ ಅಷ್ಟು ಭಾರ ಹೊರುವ ಶಕ್ತಿ ಆ ಮನಸ್ಸಿಗಿಲ್ಲ. ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗಬಹುದು, ಹೊಟ್ಟೆನೋವು ಎನ್ನಬಹುದು, ಸೆರಗು ಬಿಡದೆ ಹಿಂದೆ ಸುತ್ತಬಹುದು, ಕಾರಣವಿಲ್ಲದೆ ರಂಪ ಮಾಡಬಹುದು. ಗೊಂಬೆಯನ್ನು ಚಟ್ಟದ ಮೇಲೆ ಮಲಗಿಸಿ ಮೆರವಣಿಗೆ ಮಾಡುವುದನ್ನು ಕಂಡು ಅಜ್ಜಿಯಂದಿರು ಗಾಬರಿಯಾಗುತ್ತಾರೆ, ಆದರೆ ಆ ಆಟವನ್ನು ನಿಲ್ಲಿಸಬೇಡಿ. ಮಗು ಕಂಡದ್ದನ್ನು ಅರಗಿಸಿಕೊಳ್ಳುತ್ತಿದೆ. ಪಕ್ಕದಲ್ಲಿ ಕುಳಿತು ‘ಈಗ ಗೊಂಬೆಗೆ ಏನಾಗ್ತಿದೆ?’ ಎಂದು ಕೇಳಿದರೆ ಅದರ ತಪ್ಪು ಕಲ್ಪನೆಗಳೂ ಹೊರಬೀಳುತ್ತವೆ. ಒಂದೇ ಪ್ರಶ್ನೆಯನ್ನು ಇಪ್ಪತ್ತು ಸಲ ಕೇಳಿದರೆ ಇಪ್ಪತ್ತು ಸಲವೂ ಅದೇ ಮಾತುಗಳಲ್ಲಿ ಉತ್ತರಿಸಿ. ಉತ್ತರ ಬದಲಾಗಿದೆಯೇ ಎಂದು ಮಗು ಪರೀಕ್ಷಿಸುತ್ತಿರುತ್ತದೆ.

ಶಾಲೆ ಆದಷ್ಟು ಬೇಗ ಮತ್ತೆ ಶುರುವಾಗಲಿ. ಆದರೆ ಮೊದಲೇ ಟೀಚರಿಗೆ ಯಾರು ತೀರಿಕೊಂಡರು, ಮಗುವಿಗೆ ಏನೆಂದು ಹೇಳಿದ್ದೀರಿ ಎಂಬೆರಡನ್ನೂ ತಿಳಿಸಿ. ಮನೆಯಲ್ಲಿ ಒಂದು, ತರಗತಿಯಲ್ಲಿ ಒಂದು ಉತ್ತರ ಸಿಗಬಾರದು. ಫೋಟೋ, ಅಜ್ಜನ ಕನ್ನಡಕದ ಡಬ್ಬಿ, ಅಮ್ಮನ ಹಳೇ ಸೀರೆಯ ತುಂಡು ಇಂಥದ್ದೇನನ್ನಾದರೂ ಮಗುವಿನ ಪಾಲಿಗೆ ಕೊಡಿ. ಮರೆಯಲಿ ಎಂದು ಎಲ್ಲವನ್ನೂ ಅಟ್ಟಕ್ಕೆ ಹಾಕುವುದು ತಪ್ಪು ದಾರಿ.

ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡ ಮಕ್ಕಳ ವಿಷಯದಲ್ಲಿ ವಿಲಿಯಂ ವರ್ಡನ್ ಮತ್ತು ಫಿಲಿಸ್ ಸಿಲ್ವರ್‌ಮನ್ ಅಮೆರಿಕದಲ್ಲಿ 70 ಕುಟುಂಬಗಳ 125 ಮಕ್ಕಳನ್ನು ಎರಡು ವರ್ಷ ಗಮನಿಸಿದರು. ಹೆಚ್ಚಿನವರು ಚೇತರಿಸಿಕೊಂಡರು, ಸುಮಾರು ಐದರಲ್ಲಿ ಒಬ್ಬರಿಗೆ ಎರಡು ವರ್ಷವಾದರೂ ಗಂಭೀರ ತೊಂದರೆಗಳಿದ್ದವು. ಮಗುವಿನ ಸ್ಥಿತಿಯನ್ನು ಎಲ್ಲಕ್ಕಿಂತ ಹೆಚ್ಚು ನಿರ್ಧರಿಸಿದ್ದು ಉಳಿದ ತಂದೆಯೋ ತಾಯಿಯೋ ಹೇಗಿದ್ದಾರೆ ಎಂಬುದು. ಹಾಗಾಗಿ ಗಂಡನನ್ನು ಕಳೆದುಕೊಂಡ ತಾಯಿಗೆ ನಿದ್ದೆ, ಊಟ, ಹಣದ ಆಸರೆ ಸಿಗುವಂತೆ ನೋಡಿಕೊಳ್ಳುವುದು ಮಗುವಿನ ಚಿಕಿತ್ಸೆಯ ಭಾಗವೇ. ಆಕೆಯನ್ನು ಶುಭಕಾರ್ಯಗಳಿಂದ ದೂರವಿಟ್ಟು, ಮೂಲೆಗೆ ಕೂರಿಸಿ, ಮಗುವನ್ನು ಮಾತ್ರ ಮುದ್ದು ಮಾಡಿದರೆ ಮಗು ಚೇತರಿಸಿಕೊಳ್ಳದು.

ಆತ್ಮಹತ್ಯೆಯಾದಾಗಲೂ ಸುಳ್ಳು ಹೇಳಬೇಡಿ, ಬೀದಿಯಲ್ಲಿ ಯಾರಾದರೂ ನಿಜ ಹೇಳಿಯೇ ಹೇಳುತ್ತಾರೆ. ‘ಅಪ್ಪನ ಮನಸ್ಸಿಗೆ ದೊಡ್ಡ ಕಾಯಿಲೆಯಾಗಿತ್ತು, ಅದರಲ್ಲಿ ಅವರು ತಮ್ಮ ಜೀವ ತಾವೇ ತೆಗೆದುಕೊಂಡರು. ಅದು ಯಾರ ತಪ್ಪೂ ಅಲ್ಲ’ ಎಂಬಷ್ಟು ಸಾಕು. ಹೇಗೆ ಎಂಬ ವಿವರ ಬೇಡ.

‘ನಾನೂ ಅಜ್ಜನ ಹತ್ತಿರ ಹೋಗ್ತೀನಿ’ ಎಂದು ನಾಲ್ಕರ ಮಗು ಹೇಳುವುದು ಬಹಳ ಸಲ ನೋಡಬೇಕೆಂಬ ಹಂಬಲವಷ್ಟೆ. ಆದರೂ ‘ಹೋಗಿ ಏನು ಮಾಡ್ತೀಯ?’ ಎಂದು ಕೇಳಿ ತಿಳಿದುಕೊಳ್ಳಿ. ದೊಡ್ಡ ಮಗು ಹೀಗೆಂದರೆ, ಅಥವಾ ತನಗೆ ತಾನೇ ನೋವು ಮಾಡಿಕೊಂಡರೆ, ಒಂದು ದಿನವೂ ತಡಮಾಡದೆ ತಜ್ಞರ ಬಳಿ ಹೋಗಬೇಕು. ಕಣ್ಣೆದುರೇ ಅಪಘಾತವೋ ಕೊಲೆಯೋ ನಡೆದಿದ್ದರೆ, ವಾರಗಟ್ಟಲೆ ಊಟ ನಿದ್ದೆ ಕೆಟ್ಟಿದ್ದರೆ, ಆಟವನ್ನೇ ಬಿಟ್ಟು ಕುಳಿತಿದ್ದರೆ ಆಗಲೂ ಅಷ್ಟೆ. ಆರು ತಿಂಗಳಾದರೂ ಹೆಚ್ಚುಕಡಿಮೆ ದಿನವೂ ತೀವ್ರ ಹಂಬಲ, ಬದುಕು ನಿಂತುಹೋದಂಥ ಸ್ಥಿತಿ ಇದ್ದರೆ ಅದನ್ನು ಈಗ ವೈದ್ಯರು ದೀರ್ಘಕಾಲದ ದುಃಖದ ಕಾಯಿಲೆ ಎಂದೇ ಗುರುತಿಸುತ್ತಾರೆ, ಅದಕ್ಕೆ ಚಿಕಿತ್ಸೆಯೂ ಇದೆ. ದೂರದ ಊರಿನವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಉಚಿತ, ಹಗಲೂ ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ನಾಲ್ಕನೇ ವಯಸ್ಸಿನಲ್ಲಿ ಅಪ್ಪನನ್ನು ಕಳೆದುಕೊಂಡ ಮಗು ಎಂಟಕ್ಕೆ, ಹನ್ನೆರಡಕ್ಕೆ, ಹದಿನಾರಕ್ಕೆ ಮತ್ತೆ ಕೇಳುತ್ತದೆ. ಪ್ರತಿ ಸಲವೂ ಅದರ ಬುದ್ಧಿ ಬೆಳೆದಿರುವುದರಿಂದ ಹಳೆಯ ಉತ್ತರ ಸಾಲದು, ದುಃಖವೂ ಹೊಸದಾಗಿ ಬರುತ್ತದೆ. ಕಾಯಿಲೆಯ ಹೆಸರು, ಕೊನೆಯ ದಿನ ನಡೆದದ್ದು, ಅಪ್ಪ ತನ್ನ ಬಗ್ಗೆ ಆಡಿದ ಮಾತು ಇವೆಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಈಗಲೇ ಬರೆದಿಡಿ, ಆಸ್ಪತ್ರೆಯ ಕಾಗದಗಳನ್ನೂ ಅದರ ಜೊತೆಗೇ ಇಡಿ. ಮುಂದೆ ಮಗುವಿನ ಆರೋಗ್ಯಕ್ಕಾಗಿ ಡಾಕ್ಟರೂ ಅವನ್ನು ಕೇಳಬಹುದು.