ವೀಟೋ ಪ್ಲೇಯರ್: ಮುಖ್ಯಮಂತ್ರಿ ಯಾಕೆ ಕನ್ನಂಬಾಡಿ ಗೇಟು ಮುಚ್ಚಿಸಲ್ಲ?

ಮಳೆ ಕೈಕೊಟ್ಟ ವರ್ಷ ಮಂಡ್ಯದಲ್ಲಿ ಒಂದು ಮಾತು ಎಲ್ಲ ಕಡೆ ಕೇಳುತ್ತದೆ. ಸರ್ ಎಂ.ವಿ. ಪ್ರತಿಮೆ ಮುಂದೆ ಧರಣಿ ಕೂತವರೂ ಹೇಳುತ್ತಾರೆ, ಟೀ ಅಂಗಡಿಯಲ್ಲಿ ಪೇಪರ್ ಓದುವವರೂ ಹೇಳುತ್ತಾರೆ: "ಗುಂಡಿಗೆ ಇರೋ ಸಿಎಂ ಆಗಿದ್ರೆ ಇಷ್ಟೊತ್ತಿಗೆ ಗೇಟ್ ಮುಚ್ಚಿಸ್ತಿದ್ರು." ತಮಿಳುನಾಡಿಗೆ ಕಾವೇರಿ ನೀರು ಬಿಡುವ ಕನ್ನಂಬಾಡಿ (ಕೆಆರ್‌ಎಸ್) ಕಟ್ಟೆ ಇರುವುದು ನಮ್ಮ ಜಿಲ್ಲೆಯಲ್ಲಿ. ಗೇಟು ನಮ್ಮದು. ಗೇಟಿನ ಎಂಜಿನಿಯರಿಗೆ ಸಂಬಳ ಕೊಡುವುದೂ ನಮ್ಮ ಸರ್ಕಾರವೇ. ಮತ್ತೇನು ಅಡ್ಡಿ?

ರಾಜಕೀಯ ಶಾಸ್ತ್ರದಲ್ಲಿ ಇದಕ್ಕೆ ಒಂದು ಉತ್ತರವಿದೆ. ಅದೇ 'ವೀಟೋ ಪ್ಲೇಯರ್'. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಐದು ದೇಶಗಳಿಗೆ ವೀಟೋ, ಅಂದರೆ ಒಬ್ಬರೇ ಬೇಡ ಅಂದು ತಡೆಯುವ ಅಧಿಕಾರ, ಇದೆ ಅಂತ ಶಾಲೆಯಲ್ಲಿ ಓದಿರುತ್ತೇವೆ. ಅದೇ ಯೋಚನೆಯನ್ನು ದೇಶದೊಳಗಿನ ಆಡಳಿತಕ್ಕೆ ಹಚ್ಚಿ ನೋಡಿದವರು ಗ್ರೀಸ್ ಮೂಲದ ಪ್ರಾಧ್ಯಾಪಕ ಜಾರ್ಜ್ ಸೆಬೆಲಿಸ್. 1995ರಲ್ಲಿ ಬರೆದ ಒಂದು ಲೇಖನದಲ್ಲಿ ಅವರು ಹೇಳಿದ್ದು ಸರಳ ವಿಷಯ. ಈಗ ನಡೆಯುತ್ತಿರುವುದನ್ನು ಬದಲಾಯಿಸಬೇಕಾದರೆ ಯಾರ ಒಪ್ಪಿಗೆ ಇಲ್ಲದೆ ಆಗುವುದೇ ಇಲ್ಲವೋ, ಅವರೆಲ್ಲ ವೀಟೋ ಪ್ಲೇಯರ್‌ಗಳು. ಸಂವಿಧಾನ ಸೃಷ್ಟಿಸಿದವರು ಕೆಲವರು: ಸಂಸತ್ತಿನ ಎರಡು ಸದನ, ರಾಷ್ಟ್ರಪತಿ, ಕೋರ್ಟು. ಚುನಾವಣೆ ಸೃಷ್ಟಿಸಿದವರು ಇನ್ನು ಕೆಲವರು: ಸಮ್ಮಿಶ್ರ ಸರ್ಕಾರದ ಪಾಲುದಾರ ಪಕ್ಷಗಳು.

ನಮ್ಮ ಕಡೆಯವರಿಗೆ ಇದನ್ನು ಪಹಣಿ ಇಟ್ಟುಕೊಂಡು ಹೇಳಿದರೆ ಬೇಗ ಅರ್ಥವಾಗುತ್ತದೆ. ಅಜ್ಜನ ಜಮೀನಿನ ಪಹಣಿಯಲ್ಲಿ ಐದು ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದೆ. ಪೂರ್ತಿ ಜಮೀನು ಮಾರಬೇಕಾದರೆ ಐದೂ ಸಹಿ ಬೇಕು. ಮನೆಗೆ ಹಿರಿಯ ದೊಡ್ಡಣ್ಣ ಇರಬಹುದು, ಊರಲ್ಲಿ ಅವನ ಮಾತು ನಡೆಯಬಹುದು. ಆದರೆ ಬೆಂಗಳೂರಲ್ಲಿರುವ ಕೊನೆ ತಮ್ಮ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬರದಿದ್ದರೆ ಎಲ್ಲ ಅಲ್ಲಿಗೇ ನಿಂತಿತು. ಸೆಬೆಲಿಸ್ ಇದಕ್ಕೆ ಎರಡು ಮಾತು ಸೇರಿಸುತ್ತಾರೆ. ಒಂದು, ಬರೀ ತಲೆ ಎಣಿಸಿದರೆ ಸಾಲದು, ಅವರ ಬಯಕೆಗಳು ಎಷ್ಟು ದೂರ ದೂರ ಇವೆ ಅಂತಲೂ ನೋಡಬೇಕು. ಎರಡು, ಸದಾ ಒಂದೇ ಅಭಿಪ್ರಾಯ ಇರುವ ಇಬ್ಬರನ್ನು ಒಬ್ಬರೆಂದೇ ಲೆಕ್ಕ ಹಾಕಬೇಕು. ಐದು ಸಹಿ ಬೇಕಿದ್ದರೂ ನಾಲ್ವರು ಒಂದೇ ಮನಸ್ಸಿನವರಾದರೆ ಅಲ್ಲಿ ನಿಜವಾಗಿ ಇರುವುದು ಎರಡೇ ವೀಟೋ.

ಸಹಿಗಳು ಹೆಚ್ಚಿದಷ್ಟೂ, ಅವರ ನಡುವಿನ ದೂರ ಹೆಚ್ಚಿದಷ್ಟೂ ಹಳೆಯದೇ ಮುಂದುವರಿಯುತ್ತದೆ. ನಾಯಕ ಗಟ್ಟಿಗನೋ ಪುಕ್ಕಲನೋ ಅನ್ನುವುದಕ್ಕಿಂತ ಈ ಲೆಕ್ಕ ಜಾಸ್ತಿ ಹೇಳುತ್ತದೆ. ಕಾವೇರಿಯ ಚರಿತ್ರೆ ನೋಡಿ, ಗೊತ್ತಾಗುತ್ತದೆ.

1991ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ನೀರು ಬಿಡಿ ಎಂದು ಮಧ್ಯಂತರ ಆದೇಶ ಕೊಟ್ಟಿತು. ಆಗ ಮುಖ್ಯಮಂತ್ರಿ ಎಸ್. ಬಂಗಾರಪ್ಪ. ಗುಂಡಿಗೆಗೆ ಏನೂ ಕಡಿಮೆ ಇರಲಿಲ್ಲ. ಮುಂದಿನ ತಿಂಗಳೇ ಸುಗ್ರೀವಾಜ್ಞೆ ಹೊರಡಿಸಿದರು, ಆದೇಶ ಪಾಲಿಸಬೇಕಿಲ್ಲ ಅನ್ನುವ ಧಾಟಿಯಲ್ಲಿ. ವಿಷಯ ರಾಷ್ಟ್ರಪತಿಗಳ ಮೂಲಕ ಸುಪ್ರೀಂ ಕೋರ್ಟಿಗೆ ಹೋಯಿತು. ಒಂದು ರಾಜ್ಯ ತನ್ನ ಪ್ರಕರಣಕ್ಕೆ ತಾನೇ ನ್ಯಾಯಾಧೀಶ ಆಗಲು ಬರುವುದಿಲ್ಲ ಎಂದು ಕೋರ್ಟು ನವೆಂಬರ್‌ನಲ್ಲಿ ಹೇಳಿತು. ಡಿಸೆಂಬರ್‌ನಲ್ಲಿ ಮಧ್ಯಂತರ ಆದೇಶ ಕೇಂದ್ರದ ಗೆಜೆಟ್‌ನಲ್ಲಿ ಬಂತು, ಬೆಂಗಳೂರಲ್ಲಿ ಗಲಭೆ ಆಯಿತು.

2002ರಲ್ಲಿ ಮುಖ್ಯಮಂತ್ರಿ ಆಗಿದ್ದವರು ನಮ್ಮ ಜಿಲ್ಲೆಯವರೇ, ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ. ಪ್ರಧಾನಿ ಅಧ್ಯಕ್ಷರಾಗಿದ್ದ ಕಾವೇರಿ ಪ್ರಾಧಿಕಾರ ನೀರು ಬಿಡಿ ಅಂದಿತು, ಸುಪ್ರೀಂ ಕೋರ್ಟೂ ಬಿಡಿ ಅಂದಿತು. ಇತ್ತ ಜಿಲ್ಲೆ ಕುದಿಯುತ್ತಿತ್ತು. ಕೃಷ್ಣ ನೀರು ನಿಲ್ಲಿಸಿದರು, ಬೆಂಗಳೂರಿನಿಂದ ಮಂಡ್ಯದ ಕಡೆಗೆ ಪಾದಯಾತ್ರೆಯನ್ನೂ ಮಾಡಿದರು. ಕೊನೆಗೆ ನ್ಯಾಯಾಂಗ ನಿಂದನೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಕ್ಷಮೆ ಕೇಳಿ ನೀರು ಬಿಡಬೇಕಾಯಿತು.

2016ರದ್ದು ಇನ್ನೂ ಕುತೂಹಲದ ಕತೆ. ಸೆಪ್ಟೆಂಬರ್‌ 5ರಂದು ಸುಪ್ರೀಂ ಕೋರ್ಟು ಹತ್ತು ದಿನ ದಿನಕ್ಕೆ 15,000 ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ಬಿಡಿ ಅಂದಿತು, ಆಮೇಲೆ ಅದನ್ನು 12,000ಕ್ಕೆ ಇಳಿಸಿತು. ಸೆಪ್ಟೆಂಬರ್‌ 23ರಂದು ವಿಧಾನಮಂಡಲದ ಎರಡೂ ಸದನ ಸೇರಿ, ಇರುವ ನೀರು ಕುಡಿಯಲು ಮಾತ್ರ ಅಂತ ನಿರ್ಣಯ ಮಾಡಿದವು. ಎಲ್ಲ ಪಕ್ಷವೂ ಒಂದು. ರಾಜ್ಯದ ಒಳಗೆ ವೀಟೋ ಹಾಕುವವರು ಒಬ್ಬರೂ ಉಳಿದಿರಲಿಲ್ಲ! ಆದರೆ ಬೇಕಾಗಿದ್ದ ಸಹಿ ರಾಜ್ಯದ ಒಳಗಿನದಲ್ಲವಲ್ಲ. ಅಕ್ಟೋಬರ್ 3ಕ್ಕೆ ಮತ್ತೆ ಸದನ ಸೇರಿತು. ರೈತರ ಬೆಳೆಗೂ ನೀರು ಬಿಡಬಹುದು ಅನ್ನುವ ಇನ್ನೊಂದು ನಿರ್ಣಯ ಆಯಿತು, ನೀರು ಕೆಳಗೆ ಹರಿಯಿತು. ಸೋತೆವು ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರನ್ನು ಇಷ್ಟಪಡುವವರೂ ಪಡದವರೂ ಇದ್ದಾರೆ. ಆದರೆ ಇಕ್ಕಟ್ಟಿನಿಂದ ಹೊರಬರಲು ಪದಗಳಲ್ಲಿ ದಾರಿ ಹುಡುಕಿದ್ದು ಜಾಣತನ ಅಂತಲೇ ನನ್ನ ಅಭಿಪ್ರಾಯ.

ಮೂವರ ಸ್ವಭಾವ ಬೇರೆ, ಅವರ ಕಾಲ ಬೇರೆ. ಆದರೂ ನೀರು ಹರಿಯಿತು. 2018ರಲ್ಲಿ ಸುಪ್ರೀಂ ಕೋರ್ಟಿನ ಕೊನೆ ತೀರ್ಪು ಬಂದು ಕರ್ನಾಟಕದ ಪಾಲು 14.75 ಟಿಎಂಸಿ ಹೆಚ್ಚಾಗಿ 284.75 ಆಯಿತು. ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ತಮಿಳುನಾಡಿನ ಗಡಿಯಲ್ಲಿ ನೀರು ಅಳೆಯುವ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿಎಂಸಿ ದಾಟಬೇಕು. ಈಗ ತಿಂಗಳ ಲೆಕ್ಕ ನೋಡುವುದು ನೀರು ನಿಯಂತ್ರಣ ಸಮಿತಿ ಮತ್ತು ನಿರ್ವಹಣಾ ಪ್ರಾಧಿಕಾರ. 2023ರ ಸೆಪ್ಟೆಂಬರ್‌ನಲ್ಲಿ ದಿನಕ್ಕೆ 5,000 ಕ್ಯೂಸೆಕ್ ಆದೇಶ ಬಂದಾಗ ಮಂಡ್ಯ ಬಂದ್ ಆಯಿತು, ಬೆಂಗಳೂರು ಬಂದ್ ಆಯಿತು, ಕರ್ನಾಟಕ ಬಂದ್ ಕೂಡ ಆಯಿತು. ತಮಿಳುನಾಡಿನ ಮುಖ್ಯಮಂತ್ರಿಯ ಕಷ್ಟವೂ ಇದೇ ಜಾತಿಯದು. ತಂಜಾವೂರು ಕಡೆಯ ಕುರುವೈ ಭತ್ತದ ರೈತರು ಅವರನ್ನೂ ಕೇಳುತ್ತಾರೆ, "ನೀರು ತರಿಸೋಕೆ ಆಗಲ್ವಾ?" ಅಂತ. ಕನ್ನಂಬಾಡಿ ಗೇಟು ಅವರ ಕೈಯಲ್ಲೂ ಇಲ್ಲ.

ಮೈಸೂರಿನಲ್ಲಿ ಇದಕ್ಕೆ ಒಂದು ಸಿದ್ಧ ಉತ್ತರ ಇದೆ: "ಮಹಾರಾಜರ ಕಾಲದಲ್ಲಿ ಹಿಂಗಿರಲಿಲ್ಲ, ಒಂದು ಅಪ್ಪಣೆ ಆದ್ರೆ ಮುಗೀತು." ಕೇಳಲು ಚೆನ್ನಾಗಿದೆ. ಆದರೆ ಕನ್ನಂಬಾಡಿ ಕಟ್ಟಿದ ಕತೆಯೇ ಈ ಮಾತಿಗೆ ಒಪ್ಪುವುದಿಲ್ಲ. 1892ರ ಒಪ್ಪಂದದಂತೆ ಮೈಸೂರು ಸಂಸ್ಥಾನ ಕಾವೇರಿಗೆ ಹೊಸ ಕಟ್ಟೆ ಕಟ್ಟಬೇಕಾದರೆ ಮದ್ರಾಸಿನ ಒಪ್ಪಿಗೆ ಬೇಕಿತ್ತು. ಮೈಸೂರು ಕೇಳಿದ್ದು 41.5 ಟಿಎಂಸಿಯ ಕಟ್ಟೆ. ಮದ್ರಾಸು ಒಪ್ಪಿದ್ದು 11 ಟಿಎಂಸಿಗೆ. 1911ರಲ್ಲಿ ಕೆಲಸ ಶುರುವಾಯಿತು, ಆದರೆ ಅಡಿಪಾಯವನ್ನು ಮಾತ್ರ ದೊಡ್ಡ ಕಟ್ಟೆಗೆ ತಕ್ಕಂತೆ ಹಾಕಿದರು. ಜಗಳ ಮಧ್ಯಸ್ಥಿಕೆಗೆ ಹೋಗಿ, 1914ರಲ್ಲಿ ಮೈಸೂರಿನ ಪರ ತೀರ್ಪು ಬಂತು. ಮದ್ರಾಸು ಲಂಡನ್‌ವರೆಗೆ ಮೇಲ್ಮನವಿ ಒಯ್ದಿತು. ಕೊನೆಗೆ 1924ರಲ್ಲಿ ಒಪ್ಪಂದ. ನಾಲ್ವಡಿಯವರು ಅರಸರು, ವಿಶ್ವೇಶ್ವರಯ್ಯ ದಿವಾನರು, ಸಂಸ್ಥಾನದೊಳಗೆ ಅವರನ್ನು ತಡೆಯುವವರು ಹೆಚ್ಚಿರಲಿಲ್ಲ. ಹಾಗಿದ್ದೂ ಒಂದು ಸಹಿಗೆ ವರ್ಷಗಟ್ಟಲೆ ಕಾಯಬೇಕಾಯಿತು. ಅಡಿಪಾಯ ಅಗಲ ಹಾಕಿ ಕಾದರಲ್ಲ, ಅದು ಮಿತಿ ಗೊತ್ತಿದ್ದವರು ಮಾಡುವ ಕೆಲಸ.

ದೆಹಲಿಗೆ ಬಂದರೆ ಸಹಿಗಳು ಇನ್ನೂ ಹೆಚ್ಚು. ಹಾಸನ ಜಿಲ್ಲೆಯ ಎಚ್.ಡಿ. ದೇವೇಗೌಡರು 1996ರಲ್ಲಿ ಪ್ರಧಾನಿಯಾದಾಗ ಸರ್ಕಾರದ ಹಿಂದೆ 13 ಪಕ್ಷಗಳ ಸಂಯುಕ್ತ ರಂಗ, ಹೊರಗಿನಿಂದ ಕಾಂಗ್ರೆಸ್ ಬೆಂಬಲ. ಆ ಸೆಪ್ಟೆಂಬರ್‌ನಲ್ಲಿ ಅವರ ಸರ್ಕಾರ ಮಹಿಳಾ ಮೀಸಲಾತಿ ಮಸೂದೆ ತಂದಿತು. ಬೇಡ ಎನ್ನುವವರು ಬೆಂಬಲಿಗರ ಸಾಲಿನಲ್ಲೇ ಇದ್ದರು. ಮಸೂದೆ ಪಾಸಾಗಲಿಲ್ಲ. ವರ್ಷ ತುಂಬುವ ಮೊದಲೇ ಕಾಂಗ್ರೆಸ್ ಕೈ ಹಿಂತೆಗೆಯಿತು, ಸರ್ಕಾರವೂ ಹೋಯಿತು. ಆ ಮೀಸಲಾತಿಗೆ ಸಂಸತ್ತು ಒಪ್ಪಿದ್ದು 2023ರಲ್ಲಿ.

ಹಾಗಾದರೆ ಸ್ವಂತ ಬಹುಮತ ಬಂದರೆ ಸಾಕಾ? 2014ರಲ್ಲಿ ನರೇಂದ್ರ ಮೋದಿ ಸರ್ಕಾರಕ್ಕೆ ಲೋಕಸಭೆಯಲ್ಲಿ ಬಹುಮತ ಇತ್ತು, ರಾಜ್ಯಸಭೆಯಲ್ಲಿ ಇರಲಿಲ್ಲ. ಭೂಸ್ವಾಧೀನ ಕಾಯ್ದೆ ಬದಲಾಯಿಸಲು ಸುಗ್ರೀವಾಜ್ಞೆ ಮೇಲೆ ಸುಗ್ರೀವಾಜ್ಞೆ ಹೊರಡಿಸಿ, 2015ರ ಆಗಸ್ಟ್‌ನಲ್ಲಿ ಕೈಬಿಡಬೇಕಾಯಿತು. 2019ರಲ್ಲಿ ಬಿಜೆಪಿಗೆ 303 ಸ್ಥಾನ. 2020ರಲ್ಲಿ ಮೂರು ಕೃಷಿ ಕಾಯ್ದೆ ಎರಡೂ ಸದನ ದಾಟಿದವು, ರಾಷ್ಟ್ರಪತಿಗಳ ಸಹಿಯೂ ಬಿತ್ತು. ಎಲ್ಲ ಸಹಿ ಮುಗಿದ ಮೇಲೆ ಪಂಜಾಬ್, ಹರಿಯಾಣದ ಟ್ರ್ಯಾಕ್ಟರುಗಳು ದೆಹಲಿ ಗಡಿಗೆ ಬಂದು ನಿಂತವು. ಸುಪ್ರೀಂ ಕೋರ್ಟು 2021ರ ಜನವರಿಯಲ್ಲಿ ತಡೆ ಕೊಟ್ಟಿತು, ನವೆಂಬರ್‌ನಲ್ಲಿ ಸರ್ಕಾರವೇ ವಾಪಸ್ ಪಡೆಯಿತು. ಸೆಬೆಲಿಸ್ ಲೆಕ್ಕದಲ್ಲಿ ರಸ್ತೆಯ ಮೇಲಿನ ಜನಕ್ಕೆ ಹೆಚ್ಚು ಜಾಗವಿಲ್ಲ. ಈ ಸಿದ್ಧಾಂತದಲ್ಲಿ ನನಗೆ ಕೊರತೆ ಕಾಣುವುದು ಇಲ್ಲೇ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ರಸ್ತೆ ತಡೆ ನೋಡಿದವರು ಆ ಕೊರತೆಯನ್ನು ತಾವೇ ತುಂಬಿಕೊಳ್ಳಬಹುದು.

ಶಾಸಕರೂ ಒಬ್ಬೊಬ್ಬರೇ ವೀಟೋ ಆಗಬಾರದು ಅಂತಲೇ 1985ರಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಬಂತು. ಅದಕ್ಕೂ ಪಕ್ಕದ ಬಾಗಿಲು ಸಿಕ್ಕಿತು, ರಾಜೀನಾಮೆ. 2019ರಲ್ಲಿ ಎಚ್.ಡಿ. ಕುಮಾರಸ್ವಾಮಿ ಸರ್ಕಾರ ಬಿದ್ದಾಗ ಅನರ್ಹರಾದ 17 ಶಾಸಕರಲ್ಲಿ ಕೆ.ಆರ್. ಪೇಟೆ ಮತ್ತು ಹುಣಸೂರಿನವರೂ ಇದ್ದರು.

ಲೆಕ್ಕ ಕಾಗದದ ಮೇಲೇ ಕಾಣಬೇಕು ಅಂದರೆ ಜಿಎಸ್‌ಟಿ ಮಂಡಳಿ ನೋಡಿ. ಮತದಲ್ಲಿ ಕೇಂದ್ರದ ತೂಕ ಮೂರನೇ ಒಂದು ಭಾಗ, ರಾಜ್ಯಗಳೆಲ್ಲ ಸೇರಿ ಮೂರನೇ ಎರಡು ಭಾಗ. ತೀರ್ಮಾನಕ್ಕೆ ನಾಲ್ಕನೇ ಮೂರು ಭಾಗ ಬೇಕು. ಅಂದರೆ ಕೇಂದ್ರ ಒಂದೇ ನಿಂತು ತಡೆಯಬಹುದು. ರಾಜ್ಯವೊಂದು ಒಂಟಿಯಾಗಿ ತಡೆಯಲಾರದು, ಎಲ್ಲರೂ ಹಾಜರಿದ್ದ ದಿನ ಹನ್ನೆರಡು ರಾಜ್ಯ ಒಟ್ಟಾಗಬೇಕು. ಆದ್ದರಿಂದ ಯಾವುದೋ ವಸ್ತುವಿನ ಜಿಎಸ್‌ಟಿ ಇಳಿಸುತ್ತೇನೆ ಅಂತ ಮುಖ್ಯಮಂತ್ರಿಯೊಬ್ಬರು ಭಾಷಣ ಮಾಡಿದರೆ, ಸುಮ್ನೆ ಕೇಳಿಸಿಕೊಂಡು ಬಂದುಬಿಡಿ.

ಇದು ಭಾರತದ ರೋಗವಲ್ಲ. ಬರಾಕ್ ಒಬಾಮ 2009ರ ಜನವರಿಯಲ್ಲಿ ಅಧಿಕಾರ ಹಿಡಿದ ಎರಡನೇ ದಿನವೇ ಕ್ಯೂಬಾದಲ್ಲಿರುವ ಅಮೆರಿಕದ ಗ್ವಾಂಟನಾಮೊ ಜೈಲು ಮುಚ್ಚುವ ಆದೇಶಕ್ಕೆ ಸಹಿ ಹಾಕಿದರು. ಕೈದಿಗಳನ್ನು ಅಮೆರಿಕದ ಒಳಗೆ ತರಲು ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ದುಡ್ಡು ಕೊಡಲಿಲ್ಲ. ಎಂಟು ವರ್ಷ ಕಳೆದು ಅವರು ಇಳಿದಾಗಲೂ ಜೈಲು ಇತ್ತು. ಇನ್ನೊಂದು ತುದಿಯಲ್ಲಿ ಹಳೆಯ ಪೋಲೆಂಡ್ ಇದೆ. ಅಲ್ಲಿನ ಸಭೆಯಲ್ಲಿ ಒಬ್ಬನೇ ಸದಸ್ಯ ಎದ್ದು ಬೇಡ ಅಂದರೆ ಅಧಿವೇಶನವೇ ಬರಖಾಸ್ತು. 1791ರಲ್ಲಿ ಈ ಪದ್ಧತಿ ತೆಗೆದುಹಾಕಿದರು, 1795ರ ಹೊತ್ತಿಗೆ ದೇಶವೇ ನಕ್ಷೆಯಲ್ಲಿ ಇರಲಿಲ್ಲ. ಅಕ್ಕಪಕ್ಕದ ಸಾಮ್ರಾಜ್ಯಗಳು ಹಂಚಿಕೊಂಡಿದ್ದವು.

ವೀಟೋಗಳನ್ನೆಲ್ಲ ತೆಗೆದರೆ ಕೆಲಸ ಚುರುಕಾಗುತ್ತದೆ, ಆ ಕೆಲಸ ಒಳ್ಳೆಯದೇ ಆಗಿರಬೇಕು ಅಂತೇನಿಲ್ಲ. 2016ರ ನವೆಂಬರ್‌ 8ರ ರಾತ್ರಿ 500, 1,000ದ ನೋಟು ರದ್ದಾಗಲು ಸಂಸತ್ತಿನ ಮತ ಬೇಕಾಗಲಿಲ್ಲ. ರಿಸರ್ವ್ ಬ್ಯಾಂಕ್ ಮಂಡಳಿಯ ಶಿಫಾರಸು, ಸರ್ಕಾರದ ಅಧಿಸೂಚನೆ, ಅಷ್ಟೇ. ಮುಂದಿನ ವಾರಗಳಲ್ಲಿ ಎಟಿಎಂ ಮುಂದೆ ಕ್ಯೂ ನಿಂತವರಿಗೆ ಉಳಿದದ್ದು ಗೊತ್ತು. 1975ರ ತುರ್ತು ಪರಿಸ್ಥಿತಿಯಲ್ಲಿ ತಡೆಯುವವರು ಹೆಚ್ಚಿನವರು ಜೈಲಿನಲ್ಲಿದ್ದರು.

ಈ ಸಿದ್ಧಾಂತದಿಂದ ರಾಜಕಾರಣಿಗಳಿಗೆ ಒಂದು ಉಪಯೋಗವೂ ಇದೆ, ಅದರ ಬಗ್ಗೆ ಹುಷಾರಾಗಿರಬೇಕು. ಮಾಡಲು ಮನಸ್ಸಿಲ್ಲದ ಕೆಲಸಕ್ಕೂ "ನಮ್ಮ ಕೈ ಕಟ್ಟಿದೆ" ಅನ್ನಬಹುದು. ಕಟ್ಟಿದ್ದು ಯಾರು ಅಂತ ಕೇಳಬೇಕು. ಹೆಸರು ಹೇಳಲು ಆಗದಿದ್ದರೆ ಅದು ಮಿತಿಯಲ್ಲ, ನೆಪ.

ಕಾವೇರಿಗೆ ಕಟ್ಟಬೇಕು ಅಂತಿರುವ ಮೇಕೆದಾಟು ಅಣೆಕಟ್ಟೆಯನ್ನೇ ತೆಗೆದುಕೊಳ್ಳಿ. ಅಲ್ಲಿ ಹೆಸರುಗಳು ಧಾರಾಳವಾಗಿ ಸಿಗುತ್ತವೆ: ಕೇಂದ್ರ ಜಲ ಆಯೋಗ, ಕಾವೇರಿ ನಿರ್ವಹಣಾ ಪ್ರಾಧಿಕಾರ, ಮುಳುಗಡೆ ಆಗುವ ಕಾಡಿಗಾಗಿ ಕೇಂದ್ರದ ಪರಿಸರ ಮತ್ತು ಅರಣ್ಯ ಸಚಿವಾಲಯ, ಹಿಂದೆಯೇ ತಮಿಳುನಾಡಿನ ತಕರಾರು, ಅದರ ಹಿಂದೆ ಸುಪ್ರೀಂ ಕೋರ್ಟು. ಅಧಿಕಾರಕ್ಕೆ ಬಂದ ತಕ್ಷಣ ಕಟ್ಟುತ್ತೇವೆ ಎನ್ನುವವರು ಯಾವ ಪಕ್ಷದವರೇ ಆಗಲಿ, ಈ ಪಟ್ಟಿ ಅವರಿಗೂ ಗೊತ್ತಿರುತ್ತದೆ. ಅದೇ ಮದ್ದೂರು, ಮಳವಳ್ಳಿ ಕಡೆಯ ಕೊನೆ ಭಾಗದ ಜಮೀನಿಗೆ ಕನ್ನಂಬಾಡಿಯಿಂದ ಹೊರಡುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕಟ್ಟು ನೀರು, ಅಂದರೆ ಸರದಿಯ ನೀರು, ತಲುಪಿಸುವ ಕೆಲಸ ನೋಡಿ. ನಾಲೆಯ ಹೂಳು ತೆಗೆಸಬೇಕು, ತೂಬು ರಿಪೇರಿ ಆಗಬೇಕು, ಮೇಲ್ಭಾಗದಲ್ಲಿ ಅಕ್ರಮವಾಗಿ ಮೋಟಾರ್ ಇಟ್ಟು ಎತ್ತುವುದನ್ನು ನಿಲ್ಲಿಸಬೇಕು. ಸಂವಿಧಾನದ ರಾಜ್ಯ ಪಟ್ಟಿಯಲ್ಲಿ ನೀರಾವರಿ ಮತ್ತು ಕಾಲುವೆ ಎರಡೂ ಇವೆ. ಇದಕ್ಕೆ ಚೆನ್ನೈ ಒಪ್ಪಬೇಕಿಲ್ಲ, ದೆಹಲಿಗೆ ನಿಯೋಗ ಹೋಗಬೇಕಿಲ್ಲ. ಇಲ್ಲಿ ಅಡ್ಡ ಬರುವವರು ಇದ್ದರೆ ಮೇಲ್ಭಾಗದ ನಮ್ಮವರೇ, ಅವರ ವೋಟು ಕಳೆದುಕೊಳ್ಳಲು ಇಷ್ಟವಿಲ್ಲದ ನಮ್ಮ ಶಾಸಕರೇ.