ಸೋಲಾರ್ ಇದೆ ಸರಿ, ಜಮೀನು ಯಾರದು?

ಆಫ್ರಿಕಾ ಸಫಾರಿಗೆ ಜನರನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸ. ಮೊನ್ನೆ ಬೆಂಗಳೂರಿನಿಂದ ಒಬ್ಬರು ಫೋನ್ ಮಾಡಿದ್ದರು. “ಸರ್, ದುಡ್ಡು ಸ್ವಲ್ಪ ಜಾಸ್ತಿ ಆದ್ರೂ ಪರವಾಗಿಲ್ಲ, ಕಾಡಿಗೆ ತೊಂದರೆ ಕೊಡದ ಲಾಡ್ಜ್ ನೋಡಿ. ಕೆನ್ಯಾದ ಮಸಾಯಿ ಮಾರಾದಲ್ಲಿ ಒಂದು ಸಿಕ್ಕಿದೆ. ಸೋಲಾರ್ ಅಂತೆ, ಬಿದಿರಿನ ಸ್ಟ್ರಾ ಅಂತೆ” ಎಂದರು. ಅಷ್ಟು ದುಡ್ಡು ಕೊಡುವವರು ಹೀಗೆ ಯೋಚಿಸಿದಾಗ ನನಗೆ ನಿಜವಾಗಿಯೂ ಖುಷಿಯಾಗುತ್ತದೆ. ನಾನು ತಿರುಗಿ ಕೇಳಿದ್ದು ಒಂದೇ ಪ್ರಶ್ನೆ: “ಆ ಲಾಡ್ಜ್ ಇರುವ ಜಮೀನು ಯಾರದು, ಮೇಡಂ?”

ಅವರಿಗೆ ಆಶ್ಚರ್ಯವಾಯಿತು. ಆಗುವುದು ಸಹಜ. ಬಂಡೀಪುರ, ನಾಗರಹೊಳೆ ಎಂದರೆ ನಮಗೆ ಅರಣ್ಯ ಇಲಾಖೆಯ ಕಾಡು. ಅದರೊಳಗಿನ ನೆಲಕ್ಕೆ ಬಾಡಿಗೆ ಕೊಡುವ ಮಾತು ನಮ್ಮ ತಲೆಗೆ ಬರುವುದಿಲ್ಲ. ಕೆನ್ಯಾದ ಕಥೆ ಬೇರೆ.

ಮಾರಾದ ರಾಷ್ಟ್ರೀಯ ಮೀಸಲು ಪ್ರದೇಶ ಸುಮಾರು 1,510 ಚದರ ಕಿಲೋಮೀಟರ್. ಅದಕ್ಕೆ ಬೇಲಿ ಇಲ್ಲ. ಸಿಂಹ, ಆನೆ, ಜೀಬ್ರಾಗಳು ಗಡಿ ದಾಟಿ ಉತ್ತರದ ಹುಲ್ಲುಗಾವಲಿಗೆ ಹೋಗಿಬರುತ್ತವೆ. ಆ ಹುಲ್ಲುಗಾವಲು ದನ ಸಾಕುವ ಮಸಾಯಿ ಬುಡಕಟ್ಟಿನ ಕುಟುಂಬಗಳದು. ಮೊದಲು ಊರಿಗೆಲ್ಲ ಸೇರಿ ಒಂದೇ ಆಗಿದ್ದ ಜಮೀನು ನಂತರ ಮನೆಮನೆಗೆ ಪಾಲಾಯಿತು. ಪಾಲು ಕೈಗೆ ಬಂದವರು ಬೇಲಿ ಹಾಕಬಹುದು, ಗೋಧಿ ಬೆಳೆಯಬಹುದು, ಮಾರಿಬಿಡಬಹುದು. ಅದು ಅವರ ಹಕ್ಕು. ಹಾಗೆ ಮಾಡಿದ ಕಡೆಗಳಲ್ಲಿ ಪ್ರಾಣಿಗಳ ದಾರಿ ಮುಚ್ಚಿಹೋಗಿದೆ.

ಇದಕ್ಕೆ ಹುಟ್ಟಿದ ಉಪಾಯವೇ ಕನ್ಸರ್ವೆನ್ಸಿ. ಅಕ್ಕಪಕ್ಕದ ಜಮೀನುದಾರರು ತಮ್ಮ ಪಾಲುಗಳನ್ನು ಒಟ್ಟುಗೂಡಿಸಿ, ಬೇಲಿ ಹಾಕದೆ, ಬಿಡಿಬಿಡಿ ಮನೆ ಕಟ್ಟದೆ, ಸಫಾರಿ ಕ್ಯಾಂಪುಗಳಿಗೆ ಗುತ್ತಿಗೆಗೆ ಕೊಡುತ್ತಾರೆ. ಕ್ಯಾಂಪುಗಳು ಎಕರೆ ಲೆಕ್ಕದಲ್ಲಿ ಬಾಡಿಗೆ ಕಟ್ಟುತ್ತವೆ. ಅದು ನೇರವಾಗಿ ಕುಟುಂಬದ ಬ್ಯಾಂಕ್ ಖಾತೆಗೆ ಹೋಗುತ್ತದೆ. ಓಲ್ ಕಿನ್ಯೇ ಎಂಬ ಕನ್ಸರ್ವೆನ್ಸಿ 2005ರಲ್ಲಿ ಹೀಗೆ ಶುರುವಾಯಿತು. ಮಾರಾ ನಾಬೋಯಿಶೋ 2010ರಲ್ಲಿ ಬಂತು. ಅಲ್ಲಿ ಐನೂರಕ್ಕೂ ಹೆಚ್ಚು ಕುಟುಂಬಗಳು ಸೇರಿ ಸುಮಾರು 50,000 ಎಕರೆ ಕೊಟ್ಟಿವೆ. ದನಗಳನ್ನು ಹೊರಗಟ್ಟಿಲ್ಲ. ಯಾವ ತಿಂಗಳು ಎಲ್ಲಿ ಮೇಯಿಸಬೇಕು ಅಂತ ಸರದಿ ಹಾಕಿಕೊಂಡಿದ್ದಾರೆ.

ಒಂದು ಸಂಜೆ ಅಲ್ಲಿ ನಮ್ಮ ಗೈಡ್ ಜೀಪು ನಿಲ್ಲಿಸಿ ಒಂದು ಅಕೇಶಿಯಾ ಮರದ ಕಡೆ ಕೈ ತೋರಿಸಿದ. “ಆ ಮರದಿಂದ ಈ ಹಳ್ಳದವರೆಗೆ ನಮ್ಮಪ್ಪನ ಪಾಲು” ಎಂದ. ನೋಡಿದರೆ ಬರೀ ಹುಲ್ಲು, ‘ಟೋಪಿ’ ಎಂಬ ಜಾತಿಯ ನಾಲ್ಕು ಜಿಂಕೆಗಳು. ಆ ಹುಲ್ಲಿನ ಬಾಡಿಗೆಯಲ್ಲಿ ಅವನ ತಂಗಿ ಶಾಲೆ ಮುಗಿಸಿದ್ದಳು. ಹತ್ತು ವರ್ಷ ಈ ಕೆಲಸ ಮಾಡಿದ ಮೇಲೂ ನನಗೆ ಅವತ್ತು ಅರ್ಥವಾದಷ್ಟು ಈ ವ್ಯವಸ್ಥೆ ಹಿಂದೆಂದೂ ಅರ್ಥವಾಗಿರಲಿಲ್ಲ.

ದುಬಾರಿ ಯಾಕೆ ಎನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಮಾರಾದ ಕೆಲವು ಕ್ಯಾಂಪುಗಳು ಪಾಲಿಸುವ ಲೆಕ್ಕ ಹೀಗಿದೆ: 700 ಎಕರೆಗೆ ಒಂದು ಟೆಂಟ್, ಒಂದು ಕ್ಯಾಂಪಿಗೆ ಹೆಚ್ಚೆಂದರೆ 12 ಟೆಂಟ್. ಅಂದರೆ ಹನ್ನೆರಡು ಟೆಂಟಿನ ಕ್ಯಾಂಪಿಗೆ 8,400 ಎಕರೆ ಹುಲ್ಲುಗಾವಲು ಖಾಲಿ ಇರಬೇಕು. ನೀವು ಕೊಡುವ ದುಡ್ಡಿನಲ್ಲಿ ಊಟ, ಹಾಸಿಗೆಯ ಜೊತೆ ಆ ಖಾಲಿ ನೆಲದ ಬಾಡಿಗೆಯೂ ಸೇರಿದೆ. ಚಿರತೆ ಮುಂದೆ ನಾಲ್ಕೈದು ಜೀಪಿಗಿಂತ ಹೆಚ್ಚು ನಿಲ್ಲುವಂತಿಲ್ಲ ಎಂಬ ನಿಯಮ ಪಾಲಿಸಲು ಆಗುವುದೂ ಜನ ಕಡಿಮೆ ಇರುವುದರಿಂದಲೇ. ಮೀಸಲು ಪ್ರದೇಶದ ಒಳಗೆ ಆಗಸ್ಟ್ ತಿಂಗಳಲ್ಲಿ ಒಂದೇ ಚೀತಾದ ಸುತ್ತ ಮೂವತ್ತು ವ್ಯಾನು ನಿಂತಿದ್ದನ್ನು ಎಣಿಸಿದ್ದೇನೆ. ಆ ಪ್ರಾಣಿ ಬೇಟೆ ಬಿಟ್ಟು ಎದ್ದು ಹೋಯಿತು.

ಕೊರತೆಗಳನ್ನೂ ಹೇಳಬೇಕು. ಜಮೀನಿನ ಪತ್ರ ಹೆಚ್ಚಾಗಿ ಗಂಡಸರ ಹೆಸರಿನಲ್ಲಿದೆ, ಹಾಗಾಗಿ ಬಾಡಿಗೆಯೂ ಅವರ ಕೈಗೇ ಹೋಗುತ್ತದೆ. 2020ರಲ್ಲಿ ವಿಮಾನಗಳು ನಿಂತಾಗ ಬಾಡಿಗೆ ಕಟ್ಟುವುದೇ ಕಷ್ಟವಾಯಿತು. ಬರೀ ಪ್ರವಾಸಿಗರನ್ನು ನಂಬಿದ ಕಾಡಿನ ಗತಿ ಏನು ಎಂಬ ಚಿಂತೆ ನನ್ನನ್ನು ಅಂದಿನಿಂದ ಬಿಟ್ಟಿಲ್ಲ.

ಎರಡನೇ ವಿಷಯ ಲಾಡ್ಜಿನ ಹಿತ್ತಲು. ಕೆಲವು ವರ್ಷಗಳ ಹಿಂದೆ ಪೂರ್ವ ಆಫ್ರಿಕಾದ ಒಂದು ದುಬಾರಿ ಲಾಡ್ಜಿನಲ್ಲಿ ನಮ್ಮ ತಂಡ ಉಳಿದಿತ್ತು. ಗೋಡೆಯ ಮೇಲೆ ಪರಿಸರದ ಪ್ರಶಸ್ತಿಪತ್ರ, ಕೋಣೆಯಲ್ಲಿ ‘ಟವೆಲ್ ಮತ್ತೆ ಬಳಸಿ’ ಎಂಬ ಚೀಟಿ. ಬೆಳಗ್ಗೆ ಅಡುಗೆಮನೆ ಹಿಂದೆ ನಡೆದುಹೋದೆ. ಒಂದು ಗುಂಡಿ. ಒಳಗೆ ಅರ್ಧ ಸುಟ್ಟ ಪ್ಲಾಸ್ಟಿಕ್ ಬಾಟಲಿ, ಡಬ್ಬಿ, ಉಳಿದ ಮಾಂಸ. ಸುತ್ತ ಮರಾಬು ಕೊಕ್ಕರೆಗಳು, ಬಬೂನುಗಳು. ರಾತ್ರಿ ಕತ್ತೆಕಿರುಬವೂ ಬರುತ್ತದೆ ಎಂದು ಅಲ್ಲಿನ ಹುಡುಗ ಹೇಳಿದ. ಮನುಷ್ಯರ ಊಟದ ರುಚಿ ಹತ್ತಿದ ಬಬೂನು ಮುಂದೆ ಟೆಂಟಿಗೆ ನುಗ್ಗುತ್ತದೆ, ಆಮೇಲೆ ಗುಂಡೇಟು ತಿನ್ನುವುದೂ ಅದೇ. ಅವತ್ತಿನಿಂದ ಎಲ್ಲಿಗೆ ಹೋದರೂ ಮೊದಲು ಹಿತ್ತಲು ತೋರಿಸಿ ಎನ್ನುತ್ತೇನೆ. ಒಳ್ಳೆಯ ಕ್ಯಾಂಪಿನವರು ಹೆಮ್ಮೆಯಿಂದ ಕರೆದುಕೊಂಡು ಹೋಗುತ್ತಾರೆ. ಪ್ರಾಣಿಗಳು ನುಗ್ಗದ ಹಾಗೆ ಜಾಲರಿ ಹಾಕಿದ ಕಸದ ಮನೆ, ಗೊಬ್ಬರದ ತೊಟ್ಟಿ, ಪಟ್ಟಣಕ್ಕೆ ವಾಪಸ್ ಹೋಗುವ ಗಾಜು ಮತ್ತು ತಗಡು, ಕೊಳಚೆ ನೀರು ಶುದ್ಧ ಮಾಡುವ ಘಟಕ. ನೋಡೋಕೆ ಚೆಂದ ಇರಲ್ಲ, ಆದರೆ ನಿಜವಾದ ಕೆಲಸ ನಡೆಯುವುದು ಅಲ್ಲೇ.

ಬೋಟ್ಸ್ವಾನಾದ ಒಕಾವಾಂಗೋ ನದಿಯ ಜೌಗು ಬಯಲಿನಲ್ಲಿ ಈ ಕೊಳಚೆ ನೀರಿನ ಮಾತಿಗೆ ತೂಕ ಇನ್ನೂ ಜಾಸ್ತಿ. ಅಂಗೋಲಾದ ಬೆಟ್ಟಗಳಲ್ಲಿ ಬಿದ್ದ ಮಳೆ ತಿಂಗಳುಗಟ್ಟಲೆ ಹರಿದು, ಇಲ್ಲಿ ಒಣಗಾಲ ಇರುವ ಜೂನ್, ಜುಲೈ ಹೊತ್ತಿಗೆ ತಲುಪುತ್ತದೆ. ನದಿ ಸಮುದ್ರ ಸೇರುವುದಿಲ್ಲ, ಮರಳಿನಲ್ಲೇ ಹರಡಿ ಮುಗಿಯುತ್ತದೆ. ಮರಳಿಗೆ ಬಿಟ್ಟ ಕೊಳಕು ಬೇಗ ನೀರು ಸೇರುತ್ತದೆ. 2014ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಸಾವಿರನೇ ತಾಣ ಇದು. ಇಲ್ಲಿನ ಸರ್ಕಾರ ದಶಕಗಳಿಂದ ಹಿಡಿದ ದಾರಿ: ಕಡಿಮೆ ಜನ, ಹೆಚ್ಚು ದರ. ಒಬ್ಬರಿಗೆ ಒಂದು ರಾತ್ರಿಗೆ ಸಾವಿರ ಡಾಲರ್ ದಾಟುವುದು ಮಾಮೂಲು. ಕ್ಯಾಂಪುಗಳು ಮರದ ಕಂಬಗಳ ಮೇಲೆ, ಕ್ಯಾನ್ವಾಸಿನಲ್ಲಿ ನಿಂತಿವೆ. ಕಿತ್ತು ತೆಗೆದರೆ ನೆಲ ಮೊದಲಿನಂತೆ ಆಗಬೇಕು ಎಂಬುದು ಉದ್ದೇಶ.

ಅಲ್ಲಿಂದ ಮೇಲೆ, ಚೋಬೆ ರಾಷ್ಟ್ರೀಯ ಉದ್ಯಾನದೊಳಗೆ ಚೋಬೆ ಗೇಮ್ ಲಾಡ್ಜ್ ಇದೆ. 2014ರಿಂದ ಅವರು ಬ್ಯಾಟರಿ ಜೀಪು, ಬ್ಯಾಟರಿ ದೋಣಿ ತಂದರು. ಗೈಡ್‌ಗಳೆಲ್ಲ ಹೆಣ್ಣುಮಕ್ಕಳು. ಇಂಜಿನ್ ಸದ್ದಿಲ್ಲದ ದೋಣಿಯಲ್ಲಿ ಕೂತರೆ ಆನೆ ಸೊಂಡಿಲಿನಿಂದ ನೀರೆಳೆಯುವುದು ಕೇಳಿಸುತ್ತದೆ. ಡೀಸೆಲ್ ಉಳಿತಾಯದ ಮಾತು ಆಮೇಲೆ, ನನಗೆ ಆ ಶಬ್ದವೇ ಸಾಕು.

ನಮ್ಮವರಿಗೆ ಕೆಲವು ಮಾತು. ಮಾರಾದ ಹಲವು ಕ್ಯಾಂಪುಗಳಲ್ಲಿ ಇವತ್ತಿಗೂ ಬಕೆಟ್ ಷವರ್. ಹೇಳಿದ ಹೊತ್ತಿಗೆ ಬಿಸಿನೀರು ತಂದು ಮೇಲಿನ ಬಕೆಟಿಗೆ ಸುರಿಯುತ್ತಾರೆ, ಸುಮಾರು ಇಪ್ಪತ್ತು ಲೀಟರ್. ಬಕೆಟ್ ಸ್ನಾನ ಮಾಡಿ ಬೆಳೆದ ನಮಗೆ ಅದು ಧಾರಾಳ ಆಯ್ತು, ಅಲ್ವಾ? ಪ್ರತಿ ಟೆಂಟಿಗೂ ಒಂದು ಪುಟ್ಟ ಈಜುಕೊಳ ಇರುವ ಕಡೆ ನಾನು ಬುಕ್ ಮಾಡುವುದಿಲ್ಲ. ಒಣ ನೆಲದಲ್ಲಿ ಅದು ಬೇಡ. ಕೆನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಚೀಲ ನಿಷೇಧ. 2020ರ ಜೂನ್‌ನಿಂದ ಕಾಡುಗಳೊಳಗೆ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕೂ ಇಲ್ಲ. ಚಟ್ನಿಪುಡಿ, ಉಪ್ಪಿನಕಾಯಿ ಸ್ಟೀಲ್ ಡಬ್ಬಿಯಲ್ಲಿ ತನ್ನಿ. ದಿನಾ ಪನೀರ್ ಕೇಳಬೇಡಿ, ಅದು ನೈರೋಬಿಯಿಂದ ಬರಬೇಕು. ಅಲ್ಲಿನ ಉಗಾಲಿ ನಮ್ಮ ಮುದ್ದೆಯ ದಾಯಾದಿ, ಜೊತೆಗೆ ಸುಕುಮಾ ವಿಕಿ ಸೊಪ್ಪಿನ ಪಲ್ಯ ಕೊಡುತ್ತಾರೆ. ತಿಂದು ನೋಡಿ.

ವಿಮಾನದ ಹೊಗೆಗೆ ನನ್ನ ಬಳಿ ಪೂರ್ತಿ ಪರಿಹಾರ ಇಲ್ಲ. ಐದು ದಿನದಲ್ಲಿ ನಾಲ್ಕು ಕ್ಯಾಂಪು ಹಾರುವ ಬದಲು ಒಂದೇ ಕಡೆ ಐದು ರಾತ್ರಿ ಇರಿ ಎನ್ನುತ್ತೇನೆ. ಅಷ್ಟರಲ್ಲಿ ಸಿಂಹದ ಮರಿಗಳ ಗುರುತು ಸಿಗುತ್ತದೆ, ಕೆಲಸದವರ ಹೆಸರೂ ಬಾಯಿಗೆ ಬರುತ್ತದೆ.

ಫೋನ್ ಮಾಡಿದ ಆ ಮೇಡಂ ಪರವಾಗಿ ಲಾಡ್ಜಿಗೆ ಮೇಲ್ ಬರೆದೆ. ಜಮೀನು ಯಾರದು, ಬಾಡಿಗೆ ಯಾರ ಖಾತೆಗೆ ಹೋಗುತ್ತದೆ? ಎಷ್ಟು ಎಕರೆಗೆ ಎಷ್ಟು ಹಾಸಿಗೆ? ಕೊಳಚೆ ನೀರು ಎಲ್ಲಿಗೆ? ಸುತ್ತಲ ಹಳ್ಳಿಯವರಲ್ಲಿ ಮ್ಯಾನೇಜರ್ ಆದವರು ಎಷ್ಟು ಮಂದಿ? ವಾರದ ಮೇಲೆ ಉತ್ತರ ಬಂತು. ಸೋಲಾರ್ ಫಲಕಗಳ ಸುಂದರ ಫೋಟೋಗಳು, ಮೊದಲ ಪ್ರಶ್ನೆಗೆ ಒಂದು ಸಾಲೂ ಇಲ್ಲ. ಮೇಡಂಗೆ ನಾಬೋಯಿಶೋದಲ್ಲಿ ಬುಕ್ ಮಾಡಿದ್ದೇನೆ. ಸೆಪ್ಟೆಂಬರ್‌ನಲ್ಲಿ ಹೊರಡುತ್ತಾರೆ.