ನಾಲ್ಕು ಅಕ್ಷರದಲ್ಲಿ ಕಾದಂಬರಿಕಾರ ಸಿಗುವುದಿಲ್ಲ

ಮೊಬೈಲಿನಲ್ಲಿ ವ್ಯಕ್ತಿತ್ವ ಪರೀಕ್ಷೆ ಮಾಡಿಕೊಂಡು, ಬಂದ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಜಾತಕದಂತೆ ಹಿಡಿದು ಬರುವ ಹುಡುಗರು ಈಚೆಗೆ ಹೆಚ್ಚಾಗಿದ್ದಾರೆ. ಹೊಸನಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರು ಮಳೆಗಾಲದಲ್ಲಿ ಮಗನನ್ನು ಶಿವಮೊಗ್ಗದ ನನ್ನ ಸಮಾಲೋಚನಾ ಕೊಠಡಿಗೆ ಕರೆತಂದರು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ). "ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರು ಬಂದರೂ ಉಪ್ಪರಿಗೆ ಇಳಿಯುವುದಿಲ್ಲ, ಮೇಡಂ. ಅದೇನೋ ಅನ್ಯಗ್ರಹದ ಕಥೆ ಬರೆಯುತ್ತಾನಂತೆ." ಮಗನ ಉತ್ತರ ಸಿದ್ಧವಿತ್ತು: ವೈಜ್ಞಾನಿಕ ಕಾದಂಬರಿಕಾರರ ಸ್ವಭಾವವೇ ತನ್ನದೆಂದು ಪರೀಕ್ಷೆ ಹೇಳಿದೆ.

ಮೈಯರ್ಸ್-ಬ್ರಿಗ್ಸ್ (MBTI) ಎಂಬ ಈ ನಾಲ್ಕಕ್ಷರದ ಪದ್ಧತಿಯ ಮೂಲ ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ವಿಚಾರಗಳು. ಅದನ್ನು ಪ್ರಶ್ನಾವಳಿಯಾಗಿಸಿದವರು ಅಮೆರಿಕದ ತಾಯಿ ಮಗಳು, ಕ್ಯಾಥರಿನ್ ಬ್ರಿಗ್ಸ್ ಮತ್ತು ಇಸಬೆಲ್ ಮೈಯರ್ಸ್. ಇಬ್ಬರೂ ಮನೋವಿಜ್ಞಾನ ಓದಿದವರಲ್ಲ. ಒಂದೊಂದು ಅಕ್ಷರಕ್ಕೂ ಜನರನ್ನು, ಉದಾಹರಣೆಗೆ ಅಂತರ್ಮುಖಿ, ಬಹಿರ್ಮುಖಿ ಎಂದು, ಎರಡೇ ಪಾಲು ಮಾಡುವುದು ಅದರ ದೊಡ್ಡ ದೋಷ. ಹೆಚ್ಚಿನವರು ಇರುವುದು ನಡುವೆ. ಹಾಗಾಗಿ ತಿಂಗಳು ಬಿಟ್ಟು ಮತ್ತೆ ಬರೆದರೆ ಎಷ್ಟೋ ಮಂದಿಯ ಅಕ್ಷರವೇ ಬದಲಾಗುತ್ತದೆ.

ಹುಡುಗನಿಗೆ ನಾನು ಅಮೆರಿಕದ ವೈಜ್ಞಾನಿಕ ಕಾದಂಬರಿಕಾರ್ತಿ ಆಕ್ಟೇವಿಯಾ ಬಟ್ಲರ್ ಕಥೆ ಹೇಳಿದೆ. 1947ರಲ್ಲಿ ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ಹುಟ್ಟಿದ ಕಪ್ಪು ಹುಡುಗಿ. ತಂದೆ ಬೇಗ ತೀರಿಕೊಂಡರು. ತಾಯಿ ಮನೆಗೆಲಸದಾಕೆ, ಯಜಮಾನರು ಎಸೆದ ಪುಸ್ತಕಗಳನ್ನು ಮಗಳಿಗೆ ತಂದುಕೊಡುತ್ತಿದ್ದರು. ಹುಡುಗಿಗೆ ಓದು ಬರಹ ಕಷ್ಟವಾಗಿಸುವ ಡಿಸ್ಲೆಕ್ಸಿಯಾ, ಜೊತೆಗೆ ವಿಪರೀತ ನಾಚಿಕೆ. ಹನ್ನೆರಡರ ಹರೆಯದಲ್ಲಿ ಟಿವಿಯಲ್ಲಿ ಮಂಗಳ ಗ್ರಹದ ಕಳಪೆ ಚಿತ್ರವೊಂದನ್ನು ನೋಡಿ, ಇದಕ್ಕಿಂತ ಚೆನ್ನಾಗಿ ನಾನೇ ಬರೆಯಬಲ್ಲೆ ಎಂದುಕೊಂಡಳು. ಮುಂದೆ ಪಾತ್ರೆ ತೊಳೆದರು, ಫೋನಿನಲ್ಲಿ ಸಾಮಾನು ಮಾರಿದರು, ಕಾರ್ಖಾನೆಯಲ್ಲಿ ಆಲೂ ಚಿಪ್ಸ್ ಪರಿಶೀಲಿಸಿದರು. ಕೆಲಸಕ್ಕೆ ಹೊರಡುವ ಮೊದಲು, ನಸುಕಿನ ಎರಡು ಗಂಟೆಗೇ ಎದ್ದು ಬರೆಯುತ್ತಿದ್ದರು. ಮೊದಲ ಕಾದಂಬರಿ ಅಚ್ಚಾದದ್ದು 1976ರಲ್ಲಿ. 1995ರಲ್ಲಿ ಅಮೆರಿಕದ ಪ್ರತಿಷ್ಠಿತ ಮ್ಯಾಕ್‌ಆರ್ಥರ್ ಫೆಲೋಶಿಪ್ ಪಡೆದ ಮೊದಲ ವೈಜ್ಞಾನಿಕ ಕಾದಂಬರಿಕಾರರಾದರು.

ಆಕೆ ತಮ್ಮನ್ನು ವರ್ಣಿಸಿಕೊಂಡ ಬಗೆ ನನಗೆ ಬಹಳ ಇಷ್ಟ. ಮಹತ್ವಾಕಾಂಕ್ಷೆ, ಸೋಮಾರಿತನ, ಅಳುಕು, ಖಚಿತತೆ, ಛಲ ಎಲ್ಲವೂ ಕೂಡಿದ, ಒಂದಕ್ಕೊಂದು ಹೊಂದದ ಮಿಶ್ರಣ ತಾನು ಎಂದಿದ್ದರು. ಅಳುಕೂ ಖಚಿತತೆಯೂ ಒಬ್ಬರಲ್ಲೇ! ಯಾವ ಪರೀಕ್ಷೆ ಇದಕ್ಕೆ ಅಕ್ಷರ ಕೊಡುತ್ತದೆ? ಸ್ಫೂರ್ತಿಗಿಂತ ಅಭ್ಯಾಸವನ್ನು ನಂಬಿ ಎಂದೂ ಹೊಸ ಬರಹಗಾರರಿಗೆ ಹೇಳುತ್ತಿದ್ದರು.

ವ್ಯಕ್ತಿತ್ವವನ್ನು ಐದು ಗುಣಗಳಲ್ಲಿ ಅಳೆಯುವ, ನಾವು ವೃತ್ತಿಯಲ್ಲಿ ಹೆಚ್ಚು ನೆಚ್ಚುವ ಪಂಚಗುಣ ಮಾದರಿಯಲ್ಲಿ 'ಹೊಸತಿಗೆ ತೆರೆದ ಮನಸ್ಸು' ಎಂಬ ಗುಣವೊಂದಿದೆ. ಸೃಜನಶೀಲರಲ್ಲಿ ಅದು ಹೆಚ್ಚಿರುತ್ತದೆ ಎಂಬುದಕ್ಕೆ ಆಧಾರ ಚೆನ್ನಾಗಿದೆ. ಅನ್ಯಗ್ರಹ ಹೊಳೆಯುವುದು ಅದರಿಂದಲೇ ಇರಬಹುದು. ಮುನ್ನೂರು ಪುಟ ತುಂಬಲು ಅದೊಂದೇ ಸಾಲದು. ಹುಡುಗನ ನೋಟ್‌ಬುಕ್ ತರಿಸಿ ನೋಡಿದೆ. ಗ್ರಹದ ನಕ್ಷೆ ಇತ್ತು, ಎರಡು ಚಂದ್ರರಿದ್ದರು, ಜನರ ಹೆಸರುಗಳೂ ಇದ್ದವು. ಕಥೆ ಮಾತ್ರ ನಾಲ್ಕನೇ ಪುಟಕ್ಕೆ ನಿಂತಿತ್ತು. ದಿನಕ್ಕೊಂದು ಪುಟ, ಬೆಳಿಗ್ಗೆ, ಮೊಬೈಲ್ ಕೆಳಗಿಟ್ಟು ಎಂದೆ.

ತಂದೆಗೆ ಹೇಳಿದ್ದು ಬೇರೆ. ಮಲೆನಾಡಿನ ಒಂಟಿಮನೆಗಳಲ್ಲಿ ಬೆಳೆದ ಮಕ್ಕಳು ಮಾತು ಕಡಿಮೆ ಆಡಿದರೆ ಅದು ರೋಗವಲ್ಲ. ಅವನು ಊಟ, ನಿದ್ದೆ ಬಿಟ್ಟರೆ, ಇಷ್ಟದ ಬರವಣಿಗೆಯೂ ಬೇಡವೆನಿಸಿ ಎರಡು ವಾರ ಮಂಕಾಗಿ ಕುಳಿತರೆ ಆಗ ತಡಮಾಡದೆ ಕರೆತನ್ನಿ ಎಂದೆ. ಕೊನೆಗೌಡರ ಮುಂದೆ ಕಾಣಿಸಿಕೊಳ್ಳದಿದ್ದರೆ ಚಿಂತೆಯಿಲ್ಲ.